ಗಿಟಾರ್ ಹಿಡಿದ ಬಡ ಗುರು: ವಂದನೀಯ ಜೋಸೆಫ್ ಮೋರ್ (1792–1848)

ನೂರು ವರ್ಷಗಳ ಇತಿಹಾಸವುಳ್ಳ ಧರ್ಮಕೇಂದ್ರವೊಂದು ತನ್ನ ಸ್ಮರಣ ಸಂಚಿಕೆಯನ್ನು ಹೊರತರುವಾಗ ಇಗರ್ಜಿಯನ್ನು ಕಟ್ಟಿಸಿದ ಗುರುಗಳನ್ನು, ಭೂಮಿಯನ್ನು ದಾನವಿತ್ತ ಕುಟುಂಬಗಳನ್ನು, ಕಲ್ಲು ಹೊತ್ತ ಹಿರಿಯರನ್ನು ನೆನೆಯುವುದು ವಾಡಿಕೆ. ಅದು ನ್ಯಾಯವೂ ಹೌದು. ಆದರೆ ಈ ನೂರು ವರ್ಷಗಳ ಪ್ರತಿಯೊಂದು ಭಾನುವಾರವೂ ಗಾಯನ ಮಂಡಳಿಯಲ್ಲಿ ನಿಂತು ಹಾಡಿದವರ ಮತ್ತು ವಾದ್ಯ ನುಡಿಸಿದವರ ಹೆಸರುಗಳು ದಾಖಲೆಯ ಪುಸ್ತಕಗಳಲ್ಲಿ ವಿರಳ. ಹಾಡು ಮುಗಿದೊಡನೆ ಹಾಡಿದವರೂ ಮರೆಯಾಗುತ್ತಾರೆ. ಅಂಥವರೆಲ್ಲರ ಪ್ರತಿನಿಧಿಯಾಗಿ ಒಬ್ಬ ಗುರುವಿನ ಬಾಳನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಬಯಸುತ್ತೇನೆ.

ಆತನ ಹಾಡನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. ಕಾರ್ಕಳದ ಅತ್ತೂರಿನಿಂದ ಹಿಡಿದು ಕಾಪು, ಉಡುಪಿ, ಮಣಿಪಾಲದವರೆಗೆ ಕ್ರಿಸ್ಮಸ್ ರಾತ್ರಿ ಗೋದಲಿಯ ಮುಂದೆ ಕನ್ನಡದಲ್ಲಿ, ಕೊಂಕಣಿಯಲ್ಲಿ, ಇಂಗ್ಲಿಷಿನಲ್ಲಿ ಅದನ್ನು ಹಾಡುತ್ತೇವೆ. ಸೈಲೆಂಟ್ ನೈಟ್ ಎಂದೊಡನೆ ಮಕ್ಕಳಿಗೂ ಅದರ ರಾಗ ನಾಲಗೆಯ ಮೇಲೆ ಬರುತ್ತದೆ. ಆದರೆ ಅದನ್ನು ಬರೆದಾತನು ಒಬ್ಬ ಬಡ ಸಹಾಯಕ ಗುರುವೆಂಬುದೂ, ಅದನ್ನು ಮೊತ್ತಮೊದಲು ಇಗರ್ಜಿಯಲ್ಲಿ ಹಾಡಿದಾಗ ಜೊತೆಗಿದ್ದ ವಾದ್ಯವು ಗಿಟಾರ್ ಎಂಬುದೂ ಬಹುಮಂದಿಗೆ ತಿಳಿಯದು. ಪೀಠದ ಎದುರು ಗಿಟಾರಿಗೆ ಎಡೆಯುಂಟೇ ಎಂದು ಹಿರಿಯರು ಕೇಳುವ, ನಮಗೆ ಎಷ್ಟು ಹೊತ್ತು ನುಡಿಸಲು ಬಿಡುವಿರಿ ಎಂದು ತರುಣರು ಕೇಳುವ ಇಂದಿನ ದಿನಗಳಲ್ಲಿ ಈ ಗುರುವಿನ ಬಾಳು ಇಬ್ಬರಿಗೂ ಉತ್ತರ ಕೊಡಬಲ್ಲದು.

ಜನನ ಮತ್ತು ಬಾಲ್ಯ

ಜೋಸೆಫ್ ಮೋರ್ 1792ನೆಯ ಡಿಸೆಂಬರ್ 11ರಂದು ಸಾಲ್ಸ್‌ಬರ್ಗ್ ಪಟ್ಟಣದಲ್ಲಿ ಜನಿಸಿದರು. ಇಂದು ಆಸ್ಟ್ರಿಯ ದೇಶಕ್ಕೆ ಸೇರಿದ ಆ ಪಟ್ಟಣವು ಆಗ ಮಹಾಧರ್ಮಾಧ್ಯಕ್ಷರೇ ಅರಸರಾಗಿ ಆಳುತ್ತಿದ್ದ ಸ್ವತಂತ್ರ ಸಂಸ್ಥಾನವಾಗಿತ್ತು. ತಾಯಿ ಆನ್ನಾ ಶೋಯ್ಬರ್, ನೂಲಿನ ಹೆಣಿಗೆ ಕೆಲಸದಿಂದ ಹೊಟ್ಟೆ ಹೊರೆಯುತ್ತಿದ್ದ ಬಡ ಹೆಂಗಸು. ತಂದೆ ಫ್ರಾನ್ಸ್ ಮೋರ್, ಸಂಸ್ಥಾನದ ಸೈನ್ಯದಲ್ಲಿ ಬಂದೂಕುಧಾರಿ ಸಿಪಾಯಿ. ಅವರಿಬ್ಬರಿಗೆ ವಿವಾಹವಾಗಿರಲಿಲ್ಲ. ಮಗು ಹುಟ್ಟುವ ಮೊದಲೇ ತಂದೆಯು ಸೈನ್ಯವನ್ನೂ ತಾಯಿಯನ್ನೂ ತೊರೆದು ಕಣ್ಮರೆಯಾಗಿದ್ದನು.

ವಿವಾಹಬಾಹಿರವಾಗಿ ಹುಟ್ಟಿದ ಮಗುವನ್ನು ಆ ಕಾಲದ ಸಮಾಜವು ಕನಿಕರದಿಂದ ಕಾಣುತ್ತಿರಲಿಲ್ಲ. ಜ್ಞಾನಸ್ನಾನಕ್ಕೆ ಜ್ಞಾನಪಿತನಾಗಲು ಒಪ್ಪಿದವನು ಯಾರು? ಊರಿನ ವಧಕಾರ! ಸಾಲ್ಸ್‌ಬರ್ಗಿನಲ್ಲಿ ಮರಣದಂಡನೆಯನ್ನು ಜಾರಿಗೊಳಿಸುತ್ತಿದ್ದ ಕೊನೆಯ ವಧಕಾರನಾದ ವೋಲ್ಮುಟ್ ಎಂಬವನ ಹೆಸರು ಜ್ಞಾನಸ್ನಾನದ ದಾಖಲೆಯಲ್ಲಿದೆ. ಇತರರು ಹತ್ತಿರ ಕರೆಯಲು ಹಿಂಜರಿಯುತ್ತಿದ್ದ ವ್ಯಕ್ತಿಯೊಬ್ಬನು ಇತರರು ಎತ್ತಿಕೊಳ್ಳಲು ಹಿಂಜರಿದ ಮಗುವಿಗೆ ಹೆಸರು ಕೊಟ್ಟನು. ವಿಶ್ವವೇ ಹಾಡುವ ಜೋಗುಳವನ್ನು ಬರೆಯಲಿದ್ದ ಮಗುವಿನ ಬಾಳು ಹೀಗೆ ಆರಂಭವಾಯಿತು.

ದೇವರ ಕೃಪೆಯು ಒಬ್ಬ ಗುರುವಿನ ರೂಪದಲ್ಲಿ ಒದಗಿತು. ಸಾಲ್ಸ್‌ಬರ್ಗ್ ಪ್ರಧಾನಾಲಯದ ಸಂಗೀತವನ್ನು ನೋಡಿಕೊಳ್ಳುತ್ತಿದ್ದ ವಂದನೀಯ ಯೋಹಾನ್ ನೆಪೊಮುಕ್ ಹೀರ್ನ್ಲೆಯವರು ಈ ಬಡ ಹುಡುಗನ ಕಂಠವನ್ನೂ ಬುದ್ಧಿಯನ್ನೂ ಗುರುತಿಸಿ ಅವನ ವಿದ್ಯಾಭ್ಯಾಸದ ಭಾರವನ್ನು ವಹಿಸಿಕೊಂಡರು. ಜೋಸೆಫನು ಹಾಡಿದನು, ಪಿಟೀಲು ನುಡಿಸಿದನು, ವಿಶ್ವವಿದ್ಯಾಲಯದ ಇಗರ್ಜಿಯಲ್ಲಿಯೂ ಸಂತ ಪೇತ್ರರ ಮಠದಲ್ಲಿಯೂ ಗಾಯಕನಾದನು. 1808ರಿಂದ 1810ರವರೆಗೆ ಕ್ರೆಮ್ಸ್‌ಮ್ಯೂನ್‌ಸ್ಟರಿನ ಬೆನೆಡಿಕ್ಟಿನ್ ಮಠದಲ್ಲಿ ಓದಿ, ಬಳಿಕ ಸಾಲ್ಸ್‌ಬರ್ಗಿಗೆ ಮರಳಿ 1811ರಲ್ಲಿ ಗುರುಮಠವನ್ನು ಸೇರಿದನು. ಅಲ್ಲಿಯೂ ಹುಟ್ಟಿನ ಕಳಂಕವು ಅಡ್ಡಬಂದಿತು. ವಿವಾಹಬಾಹಿರ ಜನನದವರಿಗೆ ಗುರುದೀಕ್ಷೆ ಕೊಡಬೇಕಾದರೆ ಆಗಿನ ಕಾನೂನಿನಂತೆ ವಿಶೇಷ ವಿನಾಯಿತಿ ಬೇಕಾಗುತ್ತಿತ್ತು. ಅದನ್ನು ಪಡೆದು 1815ನೆಯ ಆಗಸ್ಟ್ 21ರಂದು ಅವರು ಗುರುಗಳಾದರು. ಆಗ ಅವರ ವಯಸ್ಸು ಇಪ್ಪತ್ತೆರಡು.

ಬರಗಾಲದಲ್ಲಿ ಹುಟ್ಟಿದ ಜೋಗುಳ

ಸ್ವಲ್ಪ ಕಾಲದಲ್ಲಿಯೇ ಅವರನ್ನು ಬೆಟ್ಟಗಳ ನಡುವಿನ ಮಾರಿಯಾಫಾರ್ ಎಂಬ ಧರ್ಮಕೇಂದ್ರಕ್ಕೆ ಸಹಾಯಕ ಗುರುವಾಗಿ ಕಳುಹಿಸಲಾಯಿತು. ತನ್ನನ್ನು ತೊರೆದ ತಂದೆಯ ಊರು ಅದೇ ಸೀಮೆಯದು. ಅವರ ಅಜ್ಜ ಅಲ್ಲಿಯೇ ವಾಸವಾಗಿದ್ದರು. ಯುರೋಪು ನೆಪೋಲಿಯನ್ನನ ಯುದ್ಧಗಳಿಂದ ಬಸವಳಿದಿದ್ದ ಕಾಲವದು. ಸಾಲ್ಸ್‌ಬರ್ಗಿನ ಸ್ವಾತಂತ್ರ್ಯವು 1803ರಲ್ಲಿ ಅಳಿದು, ಆ ನಾಡು ಒಬ್ಬ ಅರಸನ ಕೈಯಿಂದ ಇನ್ನೊಬ್ಬನ ಕೈಗೆ ದಾಟುತ್ತಾ 1816ರಲ್ಲಿ ಆಸ್ಟ್ರಿಯದ ಪಾಲಾಗಿತ್ತು. ಇದಕ್ಕೆ ಮೇಲಾಗಿ, 1815ರ ಏಪ್ರಿಲಿನಲ್ಲಿ ಇಂಡೋನೇಷ್ಯದ ತಂಬೋರಾ ಅಗ್ನಿಪರ್ವತವು ಸಿಡಿದು, ಅದರ ಧೂಳು ಆಗಸವನ್ನು ಮುಸುಕಿದ್ದರಿಂದ 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಪೈರು ಕೊಳೆಯಿತು, ಧಾನ್ಯದ ಬೆಲೆ ಏರಿತು, ಬಡವರು ಹಸಿದರು.

ಆ ಹಸಿವಿನ ವರ್ಷದಲ್ಲಿಯೇ ಈ ತರುಣ ಗುರುವು ಆರು ಚರಣಗಳ ಒಂದು ಕ್ರಿಸ್ಮಸ್ ಕವನವನ್ನು ಬರೆದರು. ನಾವು ಸಾಮಾನ್ಯವಾಗಿ ಹಾಡುವುದು ಅದರ ಮೂರು ಚರಣಗಳನ್ನು ಮಾತ್ರ. ಹಾಡದೆ ಬಿಡುವ ಚರಣಗಳಲ್ಲಿ ಒಂದು, ಮಗುವಾಗಿ ಬಂದ ಯೇಸುವು ಲೋಕದ ಎಲ್ಲ ಜನಾಂಗಗಳನ್ನು ಸೋದರನಂತೆ ಅಪ್ಪಿಕೊಂಡನೆಂಬುದನ್ನು ಸಾರುತ್ತದೆ. ಸೈನ್ಯಗಳು ತುಳಿದ ನಾಡಿನಲ್ಲಿ, ಮನೆತನದ ಹೆಸರಿಲ್ಲದೆ ಹುಟ್ಟಿದ ಒಬ್ಬನು ಆ ಮಾತನ್ನು ಬರೆದನೆಂಬುದನ್ನು ನೆನೆದಾಗ ಅದರ ತೂಕವು ತಿಳಿಯುತ್ತದೆ.

ಈ ಕವನವು ಓಬರ್ನ್‌ಡೋರ್ಫಿನಲ್ಲಿ ಒಂದೇ ದಿನದ ಅವಸರದಲ್ಲಿ ಹುಟ್ಟಿತೆಂದು ಬಹುಕಾಲ ನಂಬಲಾಗಿತ್ತು. 1995ರಲ್ಲಿ ಮೋರ್ ಅವರ ಸ್ವಹಸ್ತದ ಪ್ರತಿಯೊಂದು ಬೆಳಕಿಗೆ ಬಂದು, ಸಾಹಿತ್ಯವು 1816ರದೆಂಬುದನ್ನೂ ರಾಗವು ಗ್ರೂಬರರದೆಂಬುದನ್ನೂ ಸ್ಪಷ್ಟಪಡಿಸಿತು. ಹಾಡಿನ ಜೊತೆಗೆ ಗಿಟಾರಿನ ಸ್ವರಗಳೂ ಆ ಪ್ರತಿಯಲ್ಲಿವೆ.

1818ರ ಕ್ರಿಸ್ಮಸ್ ರಾತ್ರಿ

ಬೆಟ್ಟದ ಚಳಿಯು ಮೋರ್ ಅವರ ದೇಹಕ್ಕೆ ಒಗ್ಗಲಿಲ್ಲ. 1817ರಲ್ಲಿ ಕಾಯಿಲೆ ಬಿದ್ದು ಸಾಲ್ಸ್‌ಬರ್ಗಿನ ಆಸ್ಪತ್ರೆಗೆ ಮರಳಿ, ಚೇತರಿಸಿಕೊಂಡ ಮೇಲೆ ಓಬರ್ನ್‌ಡೋರ್ಫ್ ಎಂಬ ಊರಿನ ಸಂತ ನಿಕೊಲಾಸರ ಇಗರ್ಜಿಗೆ ಸಹಾಯಕ ಗುರುವಾಗಿ ನೇಮಕಗೊಂಡರು. ಅದು ಸಾಲ್ಸಾಖ್ ನದಿಯ ದಂಡೆಯ ಊರು. ಮೇಲ್ನಾಡಿನ ಗಣಿಗಳ ಉಪ್ಪನ್ನು ದೋಣಿಗಳಲ್ಲಿ ಸಾಗಿಸುವುದೇ ಅಲ್ಲಿಯ ಜನರ ಕಸುಬು. ಮಳೆಗಾಲದಲ್ಲಿ ನಮ್ಮ ಮಲ್ಪೆಯ ದೋಣಿಗಳು ದಡ ಸೇರುವಂತೆ, ಚಳಿಗಾಲದಲ್ಲಿ ಅವರ ದೋಣಿಗಳು ನಿಲ್ಲುತ್ತಿದ್ದವು, ಒಲೆಗಳೂ ತಣ್ಣಗಾಗುತ್ತಿದ್ದವು. ಅಂಥ ತಿಂಗಳುಗಳಲ್ಲಿ ಆ ಅಂಬಿಗರು ನಾಟಕವಾಡಿ ನಾಲ್ಕು ಕಾಸು ಗಳಿಸುತ್ತಿದ್ದರು. ಸಾಲದುದಕ್ಕೆ 1816ರ ಒಪ್ಪಂದವು ನದಿಯನ್ನೇ ಗಡಿಯಾಗಿ ಮಾಡಿತು. ಆಚೆಯ ದಡದ ಲೌಫೆನ್ ಪಟ್ಟಣ ಬವೇರಿಯಕ್ಕೂ ಈಚೆಯ ಓಬರ್ನ್‌ಡೋರ್ಫ್ ಆಸ್ಟ್ರಿಯಕ್ಕೂ ಸೇರಿ, ಒಂದೇ ಊರು ಎರಡಾಯಿತು. 1956ರಲ್ಲಿ ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟಾಗ ಬಂಧುಬಳಗದ ನಡುವೆ ಗಡಿಯೆದ್ದುದನ್ನು ಕಂಡ ನಮ್ಮವರಿಗೆ ಆ ಸಂಕಟವನ್ನು ವಿವರಿಸಬೇಕಾಗಿಲ್ಲ.

ಮೋರ್ ಅವರು ಈ ಅಂಬಿಗರ ಜೊತೆ ಬೆರೆತರು. ಅವರ ನಡುವೆ ಕುಳಿತು ಹಾಡಿದರು. ಗುರುವಿಗೆ ತಕ್ಕ ಗಾಂಭೀರ್ಯವಿಲ್ಲವೆಂದೂ ಭಕ್ತಿಗೆ ಒಪ್ಪದ ಹಾಡುಗಳನ್ನು ಹಾಡುತ್ತಾರೆಂದೂ ಅವರ ಮೇಲಧಿಕಾರಿಯಾದ ಗುರುಗಳು ದೂರು ಬರೆದರು. ಬಡವರ ಹಾಡನ್ನು ಬಲ್ಲ ಗುರುವಿಗೆ ಬಡವರು ಹಾಡಬಲ್ಲ ಸ್ತೋತ್ರವನ್ನು ಬರೆಯಲು ಸಾಧ್ಯವಾಯಿತೆಂಬುದು ಆ ದೂರಿಗೆ ಕಾಲವು ಕೊಟ್ಟ ಉತ್ತರ.

ಓಬರ್ನ್‌ಡೋರ್ಫಿನಲ್ಲಿ ಆರ್ಗನ್ ನುಡಿಸುತ್ತಿದ್ದವರು ಫ್ರಾನ್ಸ್ ಕ್ಸಾವರ್ ಗ್ರೂಬರ್. ಲಿನನ್ ನೇಯುವ ಬಡವನ ಮಗನಾಗಿ 1787ರಲ್ಲಿ ಹುಟ್ಟಿದ ಇವರು ನೆರೆಯ ಆರ್ನ್ಸ್‌ಡೋರ್ಫಿನಲ್ಲಿ ಶಾಲಾ ಉಪಾಧ್ಯಾಯರಾಗಿದ್ದರು. 1818ನೆಯ ಡಿಸೆಂಬರ್ 24ರಂದು ಮೋರ್ ಅವರು ತಮ್ಮ ಕವನವನ್ನು ಗ್ರೂಬರರ ಕೈಗಿತ್ತು, ಇಬ್ಬರು ಗಾಯಕರಿಗೂ ಗಾಯನ ಮಂಡಳಿಗೂ ಹೊಂದುವಂತೆ, ಗಿಟಾರಿನ ಪಕ್ಕವಾದ್ಯದೊಡನೆ ಒಂದು ರಾಗವನ್ನು ಕಟ್ಟಿಕೊಡಬೇಕೆಂದು ಕೇಳಿದರು. ಗ್ರೂಬರರು ಅಂದೇ ಅದನ್ನು ಸಿದ್ಧಪಡಿಸಿದರು. ಆ ಪುಣ್ಯರಾತ್ರಿಯಲ್ಲಿ ಮೋರ್ ಅವರು ಗಿಟಾರ್ ಹಿಡಿದು ಮೇಲಿನ ಸ್ವರವನ್ನೂ ಗ್ರೂಬರರು ಕೆಳಗಿನ ಸ್ವರವನ್ನೂ ಹಾಡಿದರು. ಪ್ರತಿ ಚರಣದ ಕೊನೆಯನ್ನು ಗಾಯನ ಮಂಡಳಿಯು ಮರಳಿ ಹಾಡಿತು. ನೆರೆದ ಅಂಬಿಗರ ಕುಟುಂಬಗಳು ಅದನ್ನು ಮೆಚ್ಚಿಕೊಂಡವು.

ಇಲಿಗಳು ಆರ್ಗನ್ನಿನ ತಿದಿಯನ್ನು ಕಡಿದುದರಿಂದ ಗಿಟಾರ್ ಬೇಕಾಯಿತೆಂಬ ಕಥೆಯನ್ನು ನಮ್ಮ ಮಕ್ಕಳು ಪುಸ್ತಕಗಳಲ್ಲಿ ಓದಿರಬಹುದು. ಅದು ಅನಂತರ ಬೆಳೆದ ಕಥೆ. 1854ರಲ್ಲಿ ಗ್ರೂಬರರು ಬರೆದಿಟ್ಟ ವೃತ್ತಾಂತದಲ್ಲಿ ಇಲಿಯ ಸುದ್ದಿಯೇ ಇಲ್ಲ. ಗಿಟಾರ್ ಬೇಕೆಂದು ಮೋರ್ ಅವರು ಕೇಳಿದರು, ಅಷ್ಟೇ. ಆರು ತಂತಿಗಳ ಗಿಟಾರ್ ಆಗತಾನೇ ಯುರೋಪಿನಲ್ಲಿ ರೂಢಿಗೆ ಬರುತ್ತಿದ್ದ, ಮನೆಗಳಲ್ಲಿಯೂ ಹೋಟೆಲುಗಳಲ್ಲಿಯೂ ಕೇಳಿಬರುತ್ತಿದ್ದ ವಾದ್ಯ. ಜನರು ದಿನವೂ ಕೇಳುವ ನಾದವನ್ನು ದೇವಪುತ್ರನ ತೊಟ್ಟಿಲಿನ ಬಳಿಗೆ ತರುವ ಧೈರ್ಯವನ್ನು ಆ ಗುರುವು ಮಾಡಿದರು.

ಹೆಸರಿಲ್ಲದೆ ಲೋಕಸಂಚಾರ

ಹಾಡು ಊರು ಬಿಟ್ಟುದು ಒಬ್ಬ ಆರ್ಗನ್ ಕಸುಬುದಾರನ ಮೂಲಕ. ಕಾರ್ಲ್ ಮೌರಾಖರ್ ಎಂಬ ಆತನು ಅದರ ಪ್ರತಿಯನ್ನು ತನ್ನ ಟಿರೋಲ್ ಸೀಮೆಗೆ ಒಯ್ದನು. ಅಲ್ಲಿಂದ ಹಾಡುವ ಕುಟುಂಬಗಳು ಅದನ್ನು ಹೊತ್ತು ಸಾಗಿದವು. ಕೈಗವಸು ಮಾರುತ್ತಿದ್ದ ಸ್ಟ್ರಾಸರ್ ಕುಟುಂಬವು 1830ರ ದಶಕದ ಆರಂಭದಲ್ಲಿ ಜರ್ಮನಿಯ ಲೈಪ್ಸಿಗಿನಲ್ಲಿ ಹಾಡಿತು. ರೈನರ್ ಕುಟುಂಬವು 1839ರಲ್ಲಿ ಅಮೆರಿಕದ ನ್ಯೂಯಾರ್ಕಿಗೆ ಒಯ್ದಿತು. ಡ್ರೆಸ್ಡೆನ್ನಿನಲ್ಲಿ ಅಚ್ಚಾದಾಗ ಅದು ಟಿರೋಲಿನ ಜಾನಪದ ಹಾಡೆಂದು ಕರೆಯಿಸಿಕೊಂಡಿತು. ಬರೆದವನ ಹೆಸರಿಲ್ಲ, ರಾಗ ಕಟ್ಟಿದವನ ಹೆಸರಿಲ್ಲ. ಬಳಿಕ ಅದನ್ನು ಪ್ರಖ್ಯಾತ ಸಂಗೀತಗಾರ ಮಿಖಾಯೇಲ್ ಹೈಡನ್ನನ ಕೃತಿಯೆಂದೂ ಎಣಿಸಿದರು. 1854ರಲ್ಲಿ ಬರ್ಲಿನ್ನಿನ ಅರಮನೆಯ ಸಂಗೀತಶಾಲೆಯು ಇದರ ಮೂಲವನ್ನು ಕೇಳಿ ಸಾಲ್ಸ್‌ಬರ್ಗಿಗೆ ಬರೆಯಿತು. ಆಗ ಹಾಲೈನ್ ಪಟ್ಟಣದಲ್ಲಿದ್ದ ವೃದ್ಧ ಗ್ರೂಬರರು ಡಿಸೆಂಬರ್ 30ರಂದು ನಡೆದುದನ್ನು ನಡೆದಂತೆ ಬರೆದು ಕಳುಹಿಸಿದರು. ಅದನ್ನು ಓದಲು ಮೋರ್ ಅವರು ಬದುಕಿರಲಿಲ್ಲ. ಅವರು ತೀರಿಕೊಂಡು ಆರು ವರ್ಷಗಳಾಗಿದ್ದವು.

ಊರಿಂದೂರಿಗೆ, ಕೊನೆಗೆ ವಾಗ್ರೈನಿಗೆ

ತಮ್ಮ ಹಾಡು ದೇಶದೇಶಗಳನ್ನು ಸುತ್ತುತ್ತಿದ್ದಾಗ ಅದರ ಕವಿಯು ಹಳ್ಳಿಯಿಂದ ಹಳ್ಳಿಗೆ ಅಲೆಯುತ್ತಿದ್ದರು. 1819ರಲ್ಲಿ ಓಬರ್ನ್‌ಡೋರ್ಫನ್ನು ಬಿಟ್ಟ ಮೇಲೆ ಕೂಖ್ಲ್, ಗೋಲಿಂಗ್, ಆಂಥೆರಿಂಗ್, ಕೊಪ್ಲ್, ಓಯ್ಗೆನ್‌ಡೋರ್ಫ್ ಮುಂತಾದ ಹಲವು ಧರ್ಮಕೇಂದ್ರಗಳಲ್ಲಿ ಅವರು ಸೇವೆ ಸಲ್ಲಿಸಿದರು. ಒಂದೆಡೆ ಬೇರೂರುವ ಮೊದಲೇ ಇನ್ನೊಂದೆಡೆಗೆ ವರ್ಗ. ಸಹಾಯಕ ಗುರುಗಳ ಬಾಳು ಎಂಥದೆಂಬುದನ್ನು ಬಲ್ಲವರಿಗೆ ಇದು ಹೊಸತಲ್ಲ: ಒಬ್ಬರು ನೆಟ್ಟ ಗಿಡದ ಹಣ್ಣನ್ನು ಮತ್ತೊಬ್ಬರು ಕಾಣುತ್ತಾರೆ. ಹಿಂಟರ್‌ಸೇ ಎಂಬ ಕಾಡಿನ ಹಳ್ಳಿಯಲ್ಲಿ ಅವರು ಸುಮಾರು ಹತ್ತು ವರ್ಷ ನೆಲೆನಿಂತರು. ಕೊನೆಗೆ 1837ರಲ್ಲಿ ಬೆಟ್ಟದ ಊರಾದ ವಾಗ್ರೈನಿಗೆ ಬಂದರು.

ವಾಗ್ರೈನಿನಲ್ಲಿ ಅವರು ಕಂಡದ್ದು ಓದುಬರಹಕ್ಕೆ ಎಡೆಯಿಲ್ಲದ ಮಕ್ಕಳನ್ನು. ಬಂದ ಮರುವರ್ಷವೇ, 1838ರಲ್ಲಿ, ಅವರ ಪ್ರಯತ್ನದಿಂದ ಅಲ್ಲಿ ಹೊಸ ಶಾಲೆಯು ನಿಂತಿತು. ಶುಲ್ಕ ತೆರಲಾಗದ ಬಡ ಮಕ್ಕಳಿಗಾಗಿ ಅವರು ನಿಧಿಯನ್ನು ಏರ್ಪಡಿಸಿದರು. ತಾನೂ ಒಬ್ಬ ಗುರುವಿನ ದಯೆಯಿಂದ ಅಕ್ಷರ ಕಂಡವನೆಂಬುದನ್ನು ಅವರು ಮರೆಯಲಿಲ್ಲ. ಇಗರ್ಜಿಯ ಪಕ್ಕದಲ್ಲಿಯೇ ಶಾಲೆಯನ್ನು ಕಟ್ಟಿದ ಹಿರಿಯರ ನಾಡಿನವರಾದ ನಮಗೆ ಈ ಗುರುವು ಪರಕೀಯನೆನಿಸಲಾರನು. ವಾಗ್ರೈನಿನ ಶಾಲೆಯು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

1848ನೆಯ ಡಿಸೆಂಬರ್ 4ರಂದು, ಐವತ್ತಾರನೆಯ ಹುಟ್ಟುಹಬ್ಬಕ್ಕೆ ಒಂದು ವಾರವಿರುವಾಗ, ಶ್ವಾಸಕೋಶದ ಕಾಯಿಲೆಯಿಂದ ಅವರು ಅಲ್ಲಿಯೇ ಕಣ್ಣುಮುಚ್ಚಿದರು. ಹೇಳಿಕೊಳ್ಳುವಂಥ ಆಸ್ತಿ ಏನೂ ಉಳಿದಿರಲಿಲ್ಲ. ಅವರು ಬದುಕಿದ್ದಾಗ ಬರೆದ ಭಾವಚಿತ್ರವೂ ಇಲ್ಲ. 1912ರಲ್ಲಿ ಶಿಲ್ಪಿಯಾದ ಗುರುವೊಬ್ಬರು ಅವರ ಪ್ರತಿಮೆಯನ್ನು ಮಾಡಬಯಸಿದಾಗ ಮುಖಲಕ್ಷಣವನ್ನು ಅರಿಯಲು ಸಮಾಧಿಯಿಂದ ತಲೆಬುರುಡೆಯನ್ನೇ ತೆಗೆಯಬೇಕಾಯಿತು. ಓಬರ್ನ್‌ಡೋರ್ಫಿನ ಹಳೆಯ ಇಗರ್ಜಿಯು ನದಿಯ ನೆರೆಗಳಿಂದ ಜೀರ್ಣವಾಗಿ ಕೆಡವಲ್ಪಟ್ಟಿತ್ತು. ಅದೇ ಸ್ಥಳದಲ್ಲಿ 1937ರಲ್ಲಿ ಆಶೀರ್ವದಿಸಲ್ಪಟ್ಟ ಪುಟ್ಟ ಪ್ರಾರ್ಥನಾಲಯದಲ್ಲಿ ಆ ತಲೆಬುರುಡೆಯನ್ನು ಇರಿಸಲಾಯಿತು. ಉಳಿದ ದೇಹವು ವಾಗ್ರೈನಿನ ಮಣ್ಣಿನಲ್ಲಿದೆ. ಅವರ ಗಿಟಾರ್ ಹಾಲೈನಿನಲ್ಲಿ ಗ್ರೂಬರರು ವಾಸವಾಗಿದ್ದ ಮನೆಯ ವಸ್ತುಸಂಗ್ರಹಾಲಯದಲ್ಲಿದೆ. 1914ರ ಕ್ರಿಸ್ಮಸ್‌ನಲ್ಲಿ ಪರಸ್ಪರ ಗುಂಡಿಕ್ಕುತ್ತಿದ್ದ ಸೈನಿಕರು ಕಂದಕಗಳಿಂದ ಈ ಹಾಡನ್ನು ಹಾಡಿದರೆಂಬುದು ಚರಿತ್ರೆಯಲ್ಲಿದೆ. ಜನಾಂಗಗಳನ್ನು ಅಪ್ಪಿಕೊಂಡ ಯೇಸುವನ್ನು ಕುರಿತ ಚರಣವು ಆ ಒಂದು ರಾತ್ರಿಯಾದರೂ ನಿಜವಾಯಿತು.

ಗಿಟಾರ್ ಮತ್ತು ದೈವಾರಾಧನೆ

ಈಗ ನಮ್ಮ ಗಾಯನ ಮಂಡಳಿಗಳ ವಿಷಯಕ್ಕೆ ಬರೋಣ. ಮೋರ್ ಅವರ ಕಾಲದ ಬಳಿಕ ಧರ್ಮಸಭೆಯು ವಾದ್ಯಗಳ ವಿಚಾರದಲ್ಲಿ ಬಿಗಿಯಾಯಿತು. 1903ರ ನವೆಂಬರ್ 22ರಂದು ಪರಮಪೂಜ್ಯ ಹತ್ತನೆಯ ಪಿಯುಸರು ಇಗರ್ಜಿಗಳಲ್ಲಿ ಪಿಯಾನೋವನ್ನೂ, ಡೋಲು ತಾಳಗಳಂಥ ಗದ್ದಲದ ವಾದ್ಯಗಳನ್ನೂ ನಿಷೇಧಿಸಿದರು. ನಮ್ಮ ಧರ್ಮಕೇಂದ್ರವು ಹುಟ್ಟಿದ ಕಾಲದಲ್ಲಿ ಪೂಜೆಯ ಭಾಷೆ ಲ್ಯಾಟಿನ್. ಬದಲಾವಣೆಯನ್ನು ತಂದುದು ದ್ವಿತೀಯ ವ್ಯಾಟಿಕನ್ ಮಹಾಸಭೆ. ದೈವಾರಾಧನೆಯನ್ನು ಕುರಿತ ಅದರ ಸಂವಿಧಾನವು ಆರ್ಗನ್ನಿಗೆ ಗೌರವದ ಸ್ಥಾನವನ್ನಿತ್ತು, ಪವಿತ್ರ ಕಾರ್ಯಕ್ಕೆ ಹೊಂದುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಅದು ಪ್ರಕಟವಾದುದು 1963ನೆಯ ಡಿಸೆಂಬರ್ 4ರಂದು, ಮೋರ್ ಅವರು ತೀರಿಕೊಂಡು ಸರಿಯಾಗಿ 115 ವರ್ಷಗಳಾದ ದಿನ. ಗಿಟಾರ್ ಹಿಡಿದ ಗುರುವಿನ ಪುಣ್ಯತಿಥಿಯಂದೇ ಗಿಟಾರಿಗೆ ದಾರಿಯಾದುದನ್ನು ಆಕಸ್ಮಿಕವೆನ್ನುವವರು ಅನ್ನಲಿ; ನನಗಂತೂ ಅದು ಸಂತೋಷದ ಸಂಗತಿ.

ಆದರೆ ತೆರೆದ ಬಾಗಿಲಿಗೂ ಹೊಸ್ತಿಲುಂಟು. ಪವಿತ್ರ ಸಂಗೀತವನ್ನು ಕುರಿತು 1967ನೆಯ ಮಾರ್ಚ್ 5ರಂದು ಹೊರಟ ನಿರ್ದೇಶನವು ಈ ಹೊಸ್ತಿಲನ್ನು ಸ್ಪಷ್ಟವಾಗಿ ತೋರಿಸುತ್ತದೆ. ವಾದ್ಯವು ಹಾಡುವ ಕಂಠಕ್ಕೆ ಆಧಾರವಾಗಬೇಕು. ಮಾತುಗಳು ಕೇಳಿಸದಂತೆ ಮುಚ್ಚಬಾರದು. ಗುರುವು ಗಟ್ಟಿಯಾಗಿ ಪ್ರಾರ್ಥಿಸುವಾಗ ವಾದ್ಯವು ಮೌನವಾಗಿರಬೇಕು. ನಮ್ಮ ಯುವಕರು ಸೋಲೋ ಎಂದು ಕರೆಯುವ ಏಕವಾದನಕ್ಕೂ ಅಲ್ಲಿ ಜಾಗವಿದೆ: ಗುರುವು ಪೀಠವನ್ನು ಸೇರುವ ಮೊದಲು, ಕಾಣಿಕೆಯ ಅರ್ಪಣೆಯಲ್ಲಿ, ಪರಮಪ್ರಸಾದ ಸ್ವೀಕಾರದ ಹೊತ್ತಿನಲ್ಲಿ, ಮತ್ತು ಪೂಜೆಯ ಕೊನೆಯಲ್ಲಿ. ಆಗಮನ ಕಾಲದಲ್ಲಿ, ತಪಸ್ಸು ಕಾಲದಲ್ಲಿ, ಪವಿತ್ರ ತ್ರಿದಿನಗಳಲ್ಲಿ ಮತ್ತು ಮೃತರ ಪೂಜೆಗಳಲ್ಲಿ ಏಕವಾದನವನ್ನು ಆ ನಿರ್ದೇಶನವು ಒಪ್ಪುವುದಿಲ್ಲ. ಉಪವಾಸವಿದ್ದವನಿಗೆ ಹಬ್ಬದೂಟದ ರುಚಿ ಹೆಚ್ಚು. ನಾಲ್ಕು ವಾರ ಸುಮ್ಮನಿದ್ದ ತಂತಿಯು ಕ್ರಿಸ್ಮಸ್ ರಾತ್ರಿ ನುಡಿದಾಗ ಅದರ ಸೊಗಸೇ ಬೇರೆ.

ಏಕವಾದನವೆಂಬುದು ಎಲ್ಲ ಕ್ರೈಸ್ತರಲ್ಲಿ ಒಂದೇ ಬಗೆಯದಲ್ಲ. ಅಮೆರಿಕದ ಆಫ್ರಿಕನ್ ಮೂಲದ ಕ್ರೈಸ್ತರ ಗಾಸ್ಪೆಲ್ ಗಾಯನದಲ್ಲಿ ಒಬ್ಬರು ಹಾಡಿದುದಕ್ಕೆ ಸಭೆಯೇ ಮರುನುಡಿ ಕೊಡುವುದು ಸಂಪ್ರದಾಯ. ಆ ಪಂಗಡದ ರೊಸೆಟಾ ಥಾರ್ಪ್ (1915–1973) ಎಂಬ ಮಹಿಳೆ ಬಾಲ್ಯದಿಂದಲೇ ತಾಯಿಯ ಪ್ರಾರ್ಥನಾ ಕೂಟಗಳಲ್ಲಿ ಗಿಟಾರ್ ನುಡಿಸಿ ಬೆಳೆದಳು. ಆಕೆ ಒಂದು ಸಾಲನ್ನು ಹಾಡಿದರೆ ಗಿಟಾರ್ ಸಭೆಯಂತೆ ಮರುನುಡಿಯುತ್ತಿತ್ತು. ಕಂಠವು ವಿರಮಿಸಿದಾಗ ಒಂದು ಚರಣವನ್ನೇ ತಂತಿಗಳು ಹಾಡುತ್ತಿದ್ದವು. 1938ರಲ್ಲಿ ಆಕೆಯ ಹಾಡುಗಳು ಧ್ವನಿಮುದ್ರಿಕೆಯಾಗಿ ಹೊರಬಂದವು. ಆದರೆ ಅದೇ ಭಕ್ತಿಗೀತೆಗಳನ್ನು ರಾತ್ರಿಯ ಮನರಂಜನಾ ಶಾಲೆಗಳಲ್ಲಿಯೂ ಹಾಡಿದ್ದರಿಂದ ಸ್ವಂತ ಸಭೆಯವರೇ ಆಕೆಯನ್ನು ಆಕ್ಷೇಪಿಸಿದರು. ಕೈ ಅದೇ, ತಂತಿ ಅದೇ, ಹಾಡೂ ಅದೇ. ಯಾರ ಮುಂದೆ, ಯಾವುದಕ್ಕಾಗಿ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಓಬರ್ನ್‌ಡೋರ್ಫಿನ ಗುರುವನ್ನು ಕಾಡಿದ ದೂರೂ ಇದೇ ಬಗೆಯದು.

ನಮ್ಮ ತರುಣರು ಮೋರ್ ಅವರ ಹಾಡನ್ನೇ ಪಾಠವಾಗಿ ಇಟ್ಟುಕೊಳ್ಳಲಿ. ಅದು ಡಿ ಮೇಜರ್ ಶ್ರುತಿಯಲ್ಲಿದೆ. ಆರಾರು ಮಾತ್ರೆಗಳ ತೊಟ್ಟಿಲಿನ ತೂಗಾಟ ಅದರ ಲಯ. ಅದರ ಆರಂಭವನ್ನು ನಮ್ಮ ಸ್ವರಗಳಲ್ಲಿ ಪ ಧ ಪ ಗ ಎಂದು ಹೇಳಬಹುದು. ಅದಕ್ಕೆ ಬೇಕಾಗುವ ಮುಖ್ಯ ಕಾರ್ಡ್‌ಗಳು ಮೂರೇ: ಡಿ, ಜಿ ಮತ್ತು ಎ. ಈ ಮೂರರ ಮೂಲಸ್ವರಗಳೂ ಗಿಟಾರಿನ ಬರಿದಾದ ತಂತಿಗಳಲ್ಲಿಯೇ ದೊರೆಯುವುದರಿಂದ ಹೊಸಬನೂ ಅದನ್ನು ಕಲಿಯಬಲ್ಲನು. ಹೆಬ್ಬೆರಳು ಮಂದ್ರದ ತಂತಿಯನ್ನು ಮೀಟಿದ ಬಳಿಕ ಉಳಿದ ಬೆರಳುಗಳು ಒಂದೊಂದೇ ತಂತಿಯನ್ನು ಮೀಟುತ್ತಾ ಸಾಗಿದರೆ ಸಾಕು. ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕುಳಿತ ಅಜ್ಜಿಗೂ ಪ್ರತಿಯೊಂದು ಮಾತು ಕೇಳಿಸುತ್ತದೆ. ಏಕವಾದನ ಮಾಡುವುದಾದರೆ ಮೊದಲು ಹಾಡಿನ ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಹಾಡುವವನು ಉಸಿರೆಳೆಯುವಲ್ಲಿ ಬೆರಳೂ ಉಸಿರೆಳೆಯಬೇಕು. ರಾಗದ ಗುರುತು ಕೆಡದಂತೆ ಒಂದು ಚರಣವನ್ನು ನುಡಿಸಿ, ಸಭೆಯು ಮರಳಿ ಹಾಡಲು ಸುಲಭವಾಗುವ ಸ್ವರದಲ್ಲಿ ಬಂದು ನಿಲ್ಲಬೇಕು. ಧ್ವನಿವರ್ಧಕದ ಗುಂಡಿಯನ್ನು ತಿರುಗಿಸುವ ಮೊದಲು ಬೆರಳಿನಿಂದ ಏನಾಗುತ್ತದೆಂದು ನೋಡಬೇಕು. ಜನರು ಗಿಟಾರಿಗೆ ಕಿವಿಗೊಟ್ಟು ತಮ್ಮ ಬಾಯಿ ಮುಚ್ಚಿದರೆ ಆ ವಾದನವು ಎಷ್ಟೇ ಚತುರವಾಗಿರಲಿ, ಅದರ ಕೆಲಸ ಕೆಟ್ಟಿತು. ಜನರು ಇನ್ನಷ್ಟು ಗಟ್ಟಿಯಾಗಿ ಹಾಡಿದರೆ ಅದು ಗೆದ್ದಿತು.

ಹಿರಿಯರಲ್ಲಿಯೂ ಒಂದು ಮಾತು. ವಾದ್ಯದ ಹುಟ್ಟನ್ನು ಕೇಳಿ ಅದನ್ನು ಹೊರಗಿಡುವುದಾದರೆ, ಹುಟ್ಟನ್ನು ಕೇಳಿ ಜೋಸೆಫ್ ಮೋರ್ ಅವರನ್ನೂ ಗುರುಮಠದ ಹೊರಗಿಡಬೇಕಾಗಿತ್ತು. ಧರ್ಮಸಭೆಯು ಹಾಗೆ ಮಾಡಲಿಲ್ಲ. ಅದರಿಂದ ನಮಗೆಲ್ಲರಿಗೂ ಲಾಭವಾಯಿತು. ಭಾನುವಾರದ ಸಂಜೆ ಗಿಟಾರ್ ಚೀಲವನ್ನು ಬೆನ್ನಿಗೇರಿಸಿ ಅಭ್ಯಾಸಕ್ಕೆ ಬರುವ ಹುಡುಗ ಹುಡುಗಿಯರನ್ನು ಗದರಿಸುವ ಮೊದಲು ಅವರಿಗೆ ಕಲಿಸುವವರನ್ನು ಒದಗಿಸೋಣ. ಇಗರ್ಜಿಯ ಬಾಗಿಲಿಗೆ ತಾನಾಗಿ ಬಂದ ಮಗುವನ್ನು ಕಳೆದುಕೊಂಡರೆ ಮತ್ತೆ ಹುಡುಕುವುದು ಕಷ್ಟ.

ಪಕ್ಕವಾದ್ಯದವನು ತನ್ನ ದನಿಯನ್ನು ತಗ್ಗಿಸಿ ಹಾಡುವವನ ದನಿಯನ್ನು ಎತ್ತುತ್ತಾನೆ. ಮೋರ್ ಅವರು ಗಿಟಾರನ್ನು ನುಡಿಸಿದ ರೀತಿಯೂ ಅದು, ಗುರುವಾಗಿ ಬಾಳಿದ ರೀತಿಯೂ ಅದು. ಅಂಬಿಗರಿಗೆ ಹಾಡನ್ನು ಕೊಟ್ಟರು, ಬಡ ಮಕ್ಕಳಿಗೆ ಶಾಲೆಯನ್ನು ಕೊಟ್ಟರು, ತಮಗಾಗಿ ಹೆಸರನ್ನೂ ಇಟ್ಟುಕೊಳ್ಳಲಿಲ್ಲ. ನಮ್ಮ ಧರ್ಮಕೇಂದ್ರದ ಈ ನೂರು ವರ್ಷಗಳೂ ಅಂಥ ಅನೇಕ ಅನಾಮಧೇಯರ ಮೇಲೆ ನಿಂತಿವೆ: ಹಾರ್ಮೋನಿಯಂ ನುಡಿಸಿದ ಉಪಾಧ್ಯಾಯರು, ಸತ್ತವರ ಮನೆಗಳಲ್ಲಿ ನಡುರಾತ್ರಿಯಲ್ಲಿಯೂ ಸ್ತೋತ್ರ ಹಾಡಿದ ತಾಯಂದಿರು, ಮಳೆಯಲ್ಲಿ ನೆನೆದು ಅಭ್ಯಾಸಕ್ಕೆ ಬಂದ ಮಕ್ಕಳು. ಈ ವರ್ಷ ಕ್ರಿಸ್ಮಸ್ ರಾತ್ರಿ ಗೋದಲಿಯ ಮುಂದೆ ಆ ಹಾಡನ್ನು ಹಾಡುವಾಗ ವಾಗ್ರೈನಿನ ಆ ಬಡ ಗುರುವಿನ ಆತ್ಮಕ್ಕಾಗಿಯೂ, ನಮಗಾಗಿ ಹಾಡಿ ನಮಗಿಂತ ಮೊದಲೇ ತೆರಳಿದ ನಮ್ಮವರ ಆತ್ಮಗಳಿಗಾಗಿಯೂ ಒಂದು ಪ್ರಾರ್ಥನೆಯನ್ನು ಸಲ್ಲಿಸೋಣ. ಎರಡನೆಯ ಶತಮಾನಕ್ಕೆ ಕಾಲಿಡುವ ಈ ಇಗರ್ಜಿಯಲ್ಲಿ ಹಾಡುವ ಕಂಠಗಳೂ ಅವಕ್ಕೆ ಆಸರೆಯಾಗುವ ಕೈಗಳೂ ಎಂದಿಗೂ ಕಡಿಮೆಯಾಗದಿರಲೆಂದು ಪ್ರಭುವು ಹರಸಲಿ.